ಫ್ಲೋಟ್ ಇತ್ತು, ಆದರೂ ತಡ ಆಯಿತು: ಕ್ರಿಟಿಕಲ್ ಪಾತ್ ಶೆಡ್ಯೂಲ್‌ನ ದೋಷ ಹಿಡಿಯುವ ಬಗೆ

ಸೋಮವಾರದ ಮೀಟಿಂಗ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ. “ಬಿ ಬ್ಲಾಕ್‌ಗೆ 8 ದಿನ ಫ್ಲೋಟ್ ಇದೆ ಅಂತ ನೀವೇ ತೋರಿಸಿದ್ರಿ. ಅಲ್ಲಿ ಸೆಂಟ್ರಿಂಗ್ ತಡ ಆಗಿದ್ದು ಬರೀ 4 ದಿನ. ಹಾಗಿದ್ರೆ ಎ ಬ್ಲಾಕ್ 3 ದಿನ ಹಿಂದೆ ಬಿದ್ದಿದ್ದು ಹೇಗೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಾರ್ಟ್‌ನಲ್ಲಿ ಎರಡು ಬ್ಲಾಕ್‌ಗಳ ನಡುವೆ ಒಂದು ಗೆರೆಯೂ ಇಲ್ಲ. ಕಾಗದದ ಮೇಲೆ ಅವು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಟ್ಟಡ. ಹೊರಗೆ ಬಂದು, ಸ್ಲ್ಯಾಬ್‌ಗೆ ಪ್ಲೇಟು ಹಾಸಿ ಜಾಕಿ ಎಂಬ ಆಧಾರದ ಕಂಬ ಕೊಡುವ ಸೆಂಟ್ರಿಂಗ್ ಕೆಲಸದ ಮೇಸ್ತ್ರಿಯನ್ನು ಕೇಳಿದೆ. ಅವರು ಬೀಡಿ ಆರಿಸಿ, “ಸಾರ್, ಇರೋದು ಒಂದೇ ಗ್ಯಾಂಗು. ಅಲ್ಲಿ ಮುಗಿಸಿ ತಾನೇ ಇಲ್ಲಿಗೆ ಬರಬೇಕು?” ಅಂದರು.

ಇದು ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಸೈಟ್‌ನ ಮಾತು. ಆಮೇಲೆ ಬೇರೆ ಸೈಟ್‌ಗಳಲ್ಲೂ ಇದೇ ಕಾಯಿಲೆ ನೋಡಿದ್ದೇನೆ. ಹೊಸದಾಗಿ ಪ್ಲಾನಿಂಗ್‌ಗೆ ಬಂದ ಎಂಜಿನಿಯರ್‌ಗಳಿಗೆ ಉಪಯೋಗ ಆಗಲಿ ಅಂತ, ಇದನ್ನು ಹೇಗೆ ಪತ್ತೆ ಹಚ್ಚಬೇಕು ಎಂದು ಬರೆಯುತ್ತಿದ್ದೇನೆ.

ಕಾಯಿಲೆಯ ಗುರುತು

ಫ್ಲೋಟ್ ಎಂದರೆ ಒಂದು ಕೆಲಸ ಎಷ್ಟು ದಿನ ತಡವಾದರೂ ಒಟ್ಟು ಪ್ರಾಜೆಕ್ಟ್ ತಡ ಆಗುವುದಿಲ್ಲವೋ ಅಷ್ಟು ದಿನದ ಸಡಿಲು. ಫ್ಲೋಟ್ ಸೊನ್ನೆ ಇರುವ ಕೆಲಸಗಳ ಸಾಲೇ ಕ್ರಿಟಿಕಲ್ ಪಾತ್. ಈ ಲೆಕ್ಕ ಕೆಟ್ಟಿದೆ ಅಂತ ಹೇಳುವ ಗುರುತುಗಳು ಕೆಲವು. ಫ್ಲೋಟ್ ಜಾಸ್ತಿ ಇರುವ ಕೆಲಸ ಸ್ವಲ್ಪ ತಡವಾದರೂ ಮುಗಿಯುವ ದಿನ ಜಾರುತ್ತದೆ. ಪ್ರತಿ ತಿಂಗಳು ಅಪ್‌ಡೇಟ್ ಮಾಡಿದಾಗ ಕ್ರಿಟಿಕಲ್ ಪಾತ್ ಒಂದು ಬ್ಲಾಕ್‌ನಿಂದ ಇನ್ನೊಂದಕ್ಕೆ ಹಾರುತ್ತದೆ. ಒಂದು ವಾರ ಸೈಟ್‌ನಲ್ಲಿ 60 ಬಾರ್ ಬೆಂಡರ್‌ಗಳು (ಕಂಬಿ ಕಟ್ಟುವವರು) ಬೇಕು ಎನ್ನುತ್ತದೆ ಶೆಡ್ಯೂಲ್, ಮುಂದಿನ ವಾರ 10 ಜನ ಸಾಕು ಎನ್ನುತ್ತದೆ. ಕೊನೆಯದು ಎಲ್ಲಕ್ಕಿಂತ ನಿಜವಾದ ಗುರುತು: ಮೇಸ್ತ್ರಿಗಳು ನಿಮ್ಮ ಚಾರ್ಟ್ ನೋಡುವುದನ್ನೇ ಬಿಟ್ಟಿರುತ್ತಾರೆ.

ಇವೆಲ್ಲ ಕಂಡ ತಕ್ಷಣ ಜನ ಸಾಲದು ಎಂಬ ತೀರ್ಮಾನಕ್ಕೆ ಬರಬೇಡಿ. ಮೊದಲು ಸಣ್ಣಪುಟ್ಟ ತಪ್ಪುಗಳನ್ನು ತಳ್ಳಿಹಾಕಿ. ಮುಂದಿನ ಕೆಲಸಕ್ಕೆ ಗೆರೆ ಎಳೆಯದೆ ಬಿಟ್ಟ ಚಟುವಟಿಕೆ ಇದೆಯಾ? ಅಂಥದ್ದಕ್ಕೆ ಸಾಫ್ಟ್‌ವೇರ್ ಪ್ರಾಜೆಕ್ಟ್‌ನ ಕೊನೆವರೆಗೂ ಫ್ಲೋಟ್ ಕೊಟ್ಟುಬಿಡುತ್ತದೆ. ಯಾರಾದರೂ ಕೈಯಿಂದ ತಾರೀಕು ಬಿಗಿದಿದ್ದಾರಾ? ಒಂದು ಕೆಲಸ ವಾರಕ್ಕೆ 6 ದಿನದ ಕ್ಯಾಲೆಂಡರ್‌ನಲ್ಲಿ, ಇನ್ನೊಂದು 7 ದಿನದ್ದರಲ್ಲಿ ಇದೆಯಾ? ಇವು ಅರ್ಧ ದಿನದ ತಪಾಸಣೆ. ಇಲ್ಲೇ ತಪ್ಪು ಸಿಕ್ಕಿದರೆ ನಿಮ್ಮ ಅದೃಷ್ಟ.

ಯಾರು ಯಾರಿಗಾಗಿ ಕಾದರು?

ಸಿಗದಿದ್ದರೆ ಕಂಪ್ಯೂಟರ್ ಮುಚ್ಚಿ, ಸೈಟ್ ಡೈರಿ ತೆಗೆಯಿರಿ. ತಡವಾಗಿ ಶುರುವಾದ ಒಂದೊಂದು ಕೆಲಸಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ. ಜಾಗ ಜನಕ್ಕಾಗಿ ಕಾಯುತ್ತಿತ್ತಾ, ಜನ ಜಾಗಕ್ಕಾಗಿ ಕಾಯುತ್ತಿದ್ದರಾ?

ಕೆಳಗಿನ ಸ್ಲ್ಯಾಬ್ ಆಗಿದೆ, ಕಾಲಂ ಆಗಿದೆ, ಮೇಲೆ ಸೆಂಟ್ರಿಂಗ್ ಶುರು ಮಾಡಲು ಏನೂ ಅಡ್ಡಿ ಇಲ್ಲ. ಆದರೂ ಮೂರು ದಿನ ಅಲ್ಲಿ ಯಾರೂ ಇಲ್ಲ. ಅಂದರೆ ಜಾಗ ಜನಕ್ಕಾಗಿ ಕಾದಿದೆ. ಇದು ಸಂಪನ್ಮೂಲದ ದೋಷ. ಕ್ರಿಟಿಕಲ್ ಪಾತ್ ಲೆಕ್ಕಕ್ಕೆ ಇದು ಕಾಣುವುದಿಲ್ಲ. ಬದಲಿಗೆ ಗ್ಯಾಂಗ್ ಸುಮ್ನೆ ಕೂತಿದೆ, ಕಾಲಂ ಇನ್ನೂ ಆಗಿಲ್ಲ ಎಂದರೆ ಅದು ಕೆಲಸಗಳ ಕ್ರಮದ ದೋಷ. ಅದು ಚಾರ್ಟ್‌ನಲ್ಲಿ ಕಾಣಲೇಬೇಕು. ಕಾಣದಿದ್ದರೆ ಗೆರೆ ಎಳೆದಿರುವುದರಲ್ಲಿ ತಪ್ಪಿದೆ. “ಜನ” ಅಂದಾಗ ಜನ ಮಾತ್ರ ಅಲ್ಲ. ಜಾಕಿ, ಪ್ಲೇಟು, ಟವರ್ ಕ್ರೇನ್, ಕಾಂಕ್ರೀಟ್ ಪಂಪ್, ನಿಲ್ಲಲು ಜಾಗ, ಎಲ್ಲವೂ ಸೇರಿತು.

ಕ್ರಿಟಿಕಲ್ ಪಾತ್ ವಿಧಾನಕ್ಕೆ ಇದು ಯಾಕೆ ಕಾಣುವುದಿಲ್ಲ? ಅದು ಹುಟ್ಟಿದ್ದೇ ಹಾಗೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲಿ ಸೇರಿ ಇದನ್ನು ಕಟ್ಟಿದರು. ಯಾವುದರ ನಂತರ ಯಾವುದು, ಯಾವುದಕ್ಕೆ ಎಷ್ಟು ದಿನ ಎಂಬುದೇ ಮೂಲ ಲೆಕ್ಕ. ಆಳು, ಯಂತ್ರ ಬೇಕಾದಾಗ ಬೇಕಾದಷ್ಟು ಸಿಗುತ್ತದೆ ಎಂದು ಆ ಲೆಕ್ಕ ನಂಬಿಕೊಂಡಿರುತ್ತದೆ. ನಮ್ಮ ಸೈಟ್‌ನಲ್ಲಿ ಸಿಗುತ್ತದಾ? ಹೇಳಿ ನೋಡೋಣ.

ಕೈಯಲ್ಲಿ ಮಾಡಿ ನೋಡುವ ಲೆಕ್ಕ

ಆ ಸೋಮವಾರದ ನಂತರ ನಾನು ಒಂದು ಹಾಳೆಯಲ್ಲಿ ಮಾಡಿದ ಲೆಕ್ಕ ಇದು. ನೀವೂ ಪೆನ್ಸಿಲ್ ಹಿಡಿದು ಮಾಡಿ. ಎ ಬ್ಲಾಕ್‌ಗೆ 3 ಸ್ಲ್ಯಾಬ್, ಬಿ ಬ್ಲಾಕ್‌ಗೆ 2. ಒಂದು ಸ್ಲ್ಯಾಬ್‌ಗೆ ಸೆಂಟ್ರಿಂಗ್ 7 ದಿನ, ಕಂಬಿ ಕಟ್ಟಲು 6, ಕಾಂಕ್ರೀಟ್ ಮತ್ತು ಅದರ ತಯಾರಿಗೆ 2. ಒಟ್ಟು 15 ದಿನ. (ಕಾಲಂ ಮತ್ತು ಸೆಂಟ್ರಿಂಗ್ ಬಿಚ್ಚುವ ಡಿಶಟರಿಂಗ್ ಕೆಲಸ ಬಿಟ್ಟಿದ್ದೇನೆ, ಲೆಕ್ಕ ಸರಳವಾಗಲಿ ಅಂತ. ನಿಜದಲ್ಲಿ ಡಿಶಟರಿಂಗ್ ಕೂಡ ಅದೇ ಗ್ಯಾಂಗ್ ಮಾಡುತ್ತದೆ, ಹಾಗಾಗಿ ಸೈಟ್‌ನಲ್ಲಿ ಸ್ಥಿತಿ ಇದಕ್ಕಿಂತ ಕಷ್ಟ.) ದಿನದ ಸಂಖ್ಯೆ ಎಂದರೆ ಆ ದಿನದ ಸಂಜೆ ಅಂತ ಇಟ್ಟುಕೊಳ್ಳಿ.

ಬರೀ ಕ್ರಿಟಿಕಲ್ ಪಾತ್ ಲೆಕ್ಕದಲ್ಲಿ ಎ ಬ್ಲಾಕ್ 45ಕ್ಕೆ ಮುಗಿಯುತ್ತದೆ, ಬಿ ಬ್ಲಾಕ್ 30ಕ್ಕೆ. ಬಿ ಬ್ಲಾಕ್‌ಗೆ 15 ದಿನ ಫ್ಲೋಟ್. ಆದರೆ ಎರಡೂ ಬ್ಲಾಕ್‌ನಲ್ಲಿ ಮೊದಲ ದಿನವೇ ಸೆಂಟ್ರಿಂಗ್ ಶುರುವಾಗಬೇಕು. ಗ್ಯಾಂಗ್ ಇರುವುದು ಒಂದು. ಕಂಬಿ ಗ್ಯಾಂಗೂ ಒಂದು.

ಈಗ ಗ್ಯಾಂಗ್ ಹಿಂದೆ ನಡೆದು ನೋಡಿ. ಸೆಂಟ್ರಿಂಗ್ ಗ್ಯಾಂಗ್ 7ರವರೆಗೆ ಎ ಬ್ಲಾಕ್‌ನ ಮೊದಲ ಸ್ಲ್ಯಾಬ್‌ನಲ್ಲಿ. ನಂತರ 14ರವರೆಗೆ ಬಿ ಬ್ಲಾಕ್‌ನ ಮೊದಲನೆಯದು. ಒಂದು ದಿನ ಖಾಲಿ. 15ರಿಂದ 22 ಎ ಬ್ಲಾಕ್‌ನ ಎರಡನೆಯದು. 22ರಿಂದ 29 ಬಿ ಬ್ಲಾಕ್‌ನ ಎರಡನೆಯದು. ಮತ್ತೆ ಒಂದು ದಿನ ಖಾಲಿ. 30ಕ್ಕೆ ಎ ಬ್ಲಾಕ್‌ನ ಮೂರನೆಯದು. ಕಂಬಿ ಗ್ಯಾಂಗ್ ಇವರ ಬೆನ್ನ ಹಿಂದೆಯೇ ಬರುತ್ತದೆ. ಎ ಬ್ಲಾಕ್ 45ಕ್ಕೇ ಮುಗಿಯಿತು, ಬಿ ಬ್ಲಾಕ್ 37ಕ್ಕೆ. ಪರವಾಗಿಲ್ಲ ಅಲ್ವಾ? ಲೆವೆಲಿಂಗ್, ಅಂದರೆ ಇರುವ ಜನ ಮತ್ತು ಸಾಮಾನಿಗೆ ಹೊಂದುವಂತೆ ಕೆಲಸಗಳನ್ನು ಜರುಗಿಸುವುದು, ಮಾಡಿಯೂ ಕೊನೆಯ ದಿನ ಜಾರಲಿಲ್ಲ. ನಾನೂ ಹಾಗೇ ಖುಷಿಪಟ್ಟು ಆ ಶೆಡ್ಯೂಲ್ ಹಂಚಿದ್ದೆ.

ತಪ್ಪು ಆಗಿದ್ದು ಅಲ್ಲೇ. 45ರಲ್ಲಿ 37 ಕಳೆದರೆ 8. ಬಿ ಬ್ಲಾಕ್‌ನ ಎರಡನೇ ಸ್ಲ್ಯಾಬ್‌ಗೆ 8 ದಿನ ಫ್ಲೋಟ್ ಎಂದು ಸಾಫ್ಟ್‌ವೇರ್ ತೋರಿಸಿತು. ಗೆರೆಗಳ ಲೆಕ್ಕದಲ್ಲಿ ಅದು ಸರಿ. ಆದರೆ ಆ ಸೆಂಟ್ರಿಂಗ್ 29ಕ್ಕೆ ಮುಗಿದು ಗ್ಯಾಂಗ್ 30ಕ್ಕೆ ಎ ಬ್ಲಾಕ್‌ನಲ್ಲಿ ಇರಬೇಕು. ನಿಜವಾದ ಸಡಿಲು 1 ದಿನ. 4 ದಿನ ತಡವಾಗಿ 33ಕ್ಕೆ ಮುಗಿದರೆ ಎ ಬ್ಲಾಕ್ 33ಕ್ಕೆ ಶುರು, 48ಕ್ಕೆ ಕೊನೆ. ಮ್ಯಾನೇಜರ್ ಕೇಳಿದ ಆ 3 ದಿನ ಇಲ್ಲಿದೆ.

ಅದೇ ಸ್ಲ್ಯಾಬ್‌ನ ಕಂಬಿ ಕೆಲಸಕ್ಕೆ ಎಷ್ಟು ಸಡಿಲು? ಅದು 35ಕ್ಕೆ ಮುಗಿಯುತ್ತದೆ, ಕಂಬಿ ಗ್ಯಾಂಗ್ ಎ ಬ್ಲಾಕ್‌ಗೆ ಬೇಕಿರುವುದು 37ಕ್ಕೆ. 2 ದಿನ. ಕಾಂಕ್ರೀಟ್‌ಗೆ? ಕಾಂಕ್ರೀಟ್‌ನ ಜನ, ಪಂಪ್ ಎರಡೂ ಬ್ಲಾಕ್‌ಗೆ ಒಟ್ಟಿಗೇ ಸಿಗುತ್ತದೆ ಅಂತ ಇಟ್ಟುಕೊಂಡರೆ 8 ದಿನವೂ ನಿಜ. ಒಂದೇ ಸ್ಲ್ಯಾಬ್, ಮೂರು ಕೆಲಸ. ಚಾರ್ಟ್ ಮೂರಕ್ಕೂ 8 ಎನ್ನುತ್ತದೆ, ಸೈಟ್ 1, 2, 8 ಎನ್ನುತ್ತದೆ. ಸಡಿಲು ಕೆಲಸದ ಸ್ವತ್ತಲ್ಲ, ಗ್ಯಾಂಗ್‌ನ ಸ್ವತ್ತು. ಗ್ಯಾಂಗ್ ಮುಂದೆ ಎಲ್ಲಿಗೆ ಹೋಗಬೇಕು ಎಂದು ಗೊತ್ತಿಲ್ಲದೆ ಫ್ಲೋಟ್ ಹೇಳುವಂತೆಯೇ ಇಲ್ಲ.

ಇದಕ್ಕೆ ಫ್ಯಾಂಟಮ್ ಫ್ಲೋಟ್ ಎಂಬ ಹೆಸರೂ ಇದೆ. 2003ರಲ್ಲಿ ಕಿಮ್ ಮತ್ತು ಡೆ ಲಾ ಗಾರ್ಜಾ ಎಂಬ ಸಂಶೋಧಕರು ಇದೇ ಹೆಸರಿನಲ್ಲಿ ಇದರ ಬಗ್ಗೆ ಬರೆದರು. ನಾನು ಭೂತದ ಫ್ಲೋಟ್ ಅಂತ ಕರೆಯುತ್ತೇನೆ. ದೂರದಿಂದ ಕಾಣುತ್ತದೆ, ಹತ್ತಿರ ಹೋದರೆ ಇಲ್ಲ.

ಜಾಕಿ ಎಣಿಸಿದ್ದೀರಾ?

ಮೇಲಿನ ಲೆಕ್ಕದಲ್ಲಿ ಜಾಕಿ, ಪ್ಲೇಟು ಬೇಕಾದಷ್ಟು ಇದೆ ಅಂದುಕೊಂಡಿದ್ದೆ. ಅದೂ ಒಂದು ನಂಬಿಕೆ ಅಷ್ಟೇ. ಮುಂದಿನ ಹಂತದಲ್ಲಿ ಇನ್ನೆರಡು ಬ್ಲಾಕ್, ಅದೇ ಅಳತೆ: 3 ಸ್ಲ್ಯಾಬ್‌ನ ದೊಡ್ಡದು, 2 ಸ್ಲ್ಯಾಬ್‌ನ ಚಿಕ್ಕದು. ಶುರುವಿನಲ್ಲಿ 4 ಸೆಟ್ ಶಟರಿಂಗ್ ಸಾಮಾನು (ಜಾಕಿ, ಪ್ಲೇಟು, ಒಂದು ಸ್ಲ್ಯಾಬ್‌ಗೆ ಒಂದು ಸೆಟ್) ಇತ್ತು. ಒಂದು ದಿನ ಕಾಂಟ್ರಾಕ್ಟರ್ ಒಂದು ಸೆಟ್ ಲಾರಿಗೆ ತುಂಬಿ ತನ್ನ ಇನ್ನೊಂದು ಸೈಟ್‌ಗೆ ಸಾಗಿಸಿದ. ಗೇಟ್ ರಿಜಿಸ್ಟರ್‌ನಲ್ಲಿ ಬರೆದಿತ್ತು. ಶೆಡ್ಯೂಲ್‌ಗೆ ಯಾರು ಹೇಳಬೇಕು?

ಜನಕ್ಕೂ ಜಾಕಿಗೂ ಒಂದು ವ್ಯತ್ಯಾಸ ಇದೆ. ಗ್ಯಾಂಗ್ 7 ದಿನ ಮುಗಿದ ತಕ್ಷಣ ಎದ್ದು ಹೋಗುತ್ತದೆ. ಜಾಕಿ ಅಲ್ಲೇ ನಿಲ್ಲಬೇಕು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿ, ಕ್ಯೂರಿಂಗ್ ಸರಿಯಾಗಿ ಮಾಡಿ, ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ, 4.5 ಮೀಟರ್‌ವರೆಗಿನ ಸ್ಪ್ಯಾನ್‌ನ (ಎರಡು ಆಧಾರಗಳ ನಡುವಿನ ದೂರ) ಸ್ಲ್ಯಾಬ್‌ಗೆ ಜಾಕಿ 7 ದಿನ ಇರಬೇಕು. ಅದಕ್ಕಿಂತ ದೊಡ್ಡ ಸ್ಪ್ಯಾನ್‌ಗೆ 14 ದಿನ. ಬೀಮ್ ಆದರೆ 6 ಮೀಟರ್‌ವರೆಗೆ 14, ಮೇಲೆ 21. ಪ್ಲೇಟನ್ನು 3 ದಿನಕ್ಕೇ ಬಿಡಿಸಬಹುದು, ಆದರೆ ಆ ಕ್ಷಣವೇ ಸ್ಲ್ಯಾಬ್ ಕೆಳಗೆ ಜಾಕಿ ಮತ್ತೆ ನಿಲ್ಲಿಸಬೇಕು. ಬೇರೆ ಸಿಮೆಂಟ್ ಆದರೆ ಈ ದಿನಗಳು ಬದಲಾಗುತ್ತವೆ.

14 ದಿನ ಅಂತ ಹಿಡಿದು, ಪ್ಲೇಟು ಜಾಕಿ ಒಟ್ಟಿಗೇ ಬಿಚ್ಚುವುದಾದರೆ, ಒಂದು ಸೆಟ್ 15 ಮತ್ತು 14, ಒಟ್ಟು 29 ದಿನ ಒಂದು ಸ್ಲ್ಯಾಬ್‌ಗೆ ಅಂಟಿಕೊಳ್ಳುತ್ತದೆ. 4 ಸೆಟ್ ಇದ್ದರೆ ಕೆಲಸ 45 ದಿನಕ್ಕೆ ಮುಗಿಯುತ್ತದೆ. 3 ಸೆಟ್ ಆದರೆ 51. 2 ಸೆಟ್ ಆದರೆ 73. ಅದೇ ಕಟ್ಟಡ, ಅದೇ ಗ್ಯಾಂಗ್, ಅದೇ ಗೆರೆಗಳು. ಕ್ರಿಟಿಕಲ್ ಪಾತ್ ಮಾತ್ರ ಮೂರಕ್ಕೂ 45 ಎನ್ನುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 73 ನೋಡಿದ ಯಾರಾದರೂ “ಜಾಕಿ ಎರಡು ದಿನ ಮುಂಚೆ ತೆಗೆದರೆ ಏನಾಗುತ್ತೆ” ಅಂತ ಕೇಳಿಯೇ ಕೇಳುತ್ತಾರೆ. ಒಪ್ಪಬೇಡಿ. ಮೇಲಿನ ಹಸಿ ಸ್ಲ್ಯಾಬ್‌ನ ಭಾರವನ್ನು ಹೊರುವುದು ಕೆಳಗಿನ ಎಳೆ ಸ್ಲ್ಯಾಬ್. ಹಾಗಾಗಿ ಎಷ್ಟೋ ಸಲ ಈ ದಿನಗಳಿಗಿಂತ ಹೆಚ್ಚೇ ಇಡಬೇಕಾಗುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಶೆಡ್ಯೂಲ್ ಮಾಡುವವರಲ್ಲ.

ಹಲವು ಶೆಡ್ಯೂಲ್‌ಗಳಲ್ಲಿ ಈ 14 ದಿನವನ್ನು ಎರಡು ಕೆಲಸಗಳ ನಡುವೆ ಬರೀ ಲ್ಯಾಗ್ (ಕಾಯುವ ದಿನ) ಆಗಿ ಹಾಕಿರುತ್ತಾರೆ. ಲ್ಯಾಗ್‌ಗೆ ಸಂಪನ್ಮೂಲ ಅಂಟಿಸಲು ಬರುವುದಿಲ್ಲ. ಆ ದಿನಗಳಲ್ಲಿ ಜಾಕಿ ಖಾಲಿ ಇದೆ ಎಂದೇ ಸಾಫ್ಟ್‌ವೇರ್ ತಿಳಿಯುತ್ತದೆ. ದೋಷ ಹುಡುಕುವಾಗ ಮೊದಲು ದೊಡ್ಡ ಲ್ಯಾಗ್‌ಗಳನ್ನು ಹುಡುಕಿ. “ಜಾಕಿ ನಿಂತಿದೆ” ಅಂತ ಒಂದು ಚಟುವಟಿಕೆ ಮಾಡಿ, ಅದಕ್ಕೆ ಒಂದು ಸೆಟ್ ಹಚ್ಚಿ. ತಮಾಷೆಯಾಗಿ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ.

ಲೆವೆಲಿಂಗ್ ಬಟನ್ ಒತ್ತಿದ ಮೇಲೆ

ಶೆಡ್ಯೂಲ್ ಮಾಡುವ ಸಾಫ್ಟ್‌ವೇರ್‌ಗಳಾದ ಪ್ರಿಮಾವೆರಾ, ಎಂಎಸ್ ಪ್ರಾಜೆಕ್ಟ್ ಎರಡರಲ್ಲೂ ಲೆವೆಲಿಂಗ್ ಇದೆ. ಒತ್ತಿದರೆ ಸಾಕು ಅಂತ ಅನೇಕರ ನಂಬಿಕೆ. ಅದು ಉತ್ತಮ ಉತ್ತರ ಹುಡುಕುವುದಿಲ್ಲ, ಒಂದು ಉತ್ತರ ಹುಡುಕುತ್ತದೆ. ಸಂಪನ್ಮೂಲ ಮಿತಿ ಇರುವಾಗ ಅತಿ ಚಿಕ್ಕ ಶೆಡ್ಯೂಲ್ ಕಂಡುಹಿಡಿಯುವುದು ಗಣಿತದಲ್ಲೇ ಕಷ್ಟದ ಸಮಸ್ಯೆ ಎಂದು 1983ರಲ್ಲಿ ಸಾಬೀತಾಗಿದೆ. ಚಟುವಟಿಕೆ ಹೆಚ್ಚಿದಂತೆ ಸಾಧ್ಯತೆಗಳು ಲೆಕ್ಕ ಮೀರಿ ಬೆಳೆಯುತ್ತವೆ. ಹಾಗಾಗಿ ಸಾಫ್ಟ್‌ವೇರ್ ಒಂದು ಆದ್ಯತೆಯ ನಿಯಮ ಹಿಡಿದುಕೊಂಡು ಸಾಲಾಗಿ ಕೂರಿಸುತ್ತಾ ಹೋಗುತ್ತದೆ. ಕಡಿಮೆ ಫ್ಲೋಟ್ ಇರುವುದಕ್ಕೆ ಮೊದಲ ಹಕ್ಕು ಎಂಬುದು ಅಂಥ ಒಂದು ನಿಯಮ.

3 ಸೆಟ್‌ನ ಲೆಕ್ಕಕ್ಕೇ ವಾಪಸ್ ಬನ್ನಿ. 29ಕ್ಕೆ ಒಂದು ಸೆಟ್ ಬಿಡುವಾಗುತ್ತದೆ, ಇನ್ನೊಂದು 36ಕ್ಕೆ. ಚಿಕ್ಕ ಬ್ಲಾಕ್ 22ರಿಂದಲೇ ಕಾಯುತ್ತಿದೆ. ದೊಡ್ಡ ಬ್ಲಾಕ್‌ನ ಮೂರನೇ ಸ್ಲ್ಯಾಬ್ ತಯಾರಾಗುವುದು 30ಕ್ಕೆ. ಕ್ರಿಟಿಕಲ್ ಯಾವುದೋ ಅದಕ್ಕೆ ಮೊದಲು ಅಂದರೆ, ಒಂದು ದಿನ ಜಾಕಿ ಖಾಲಿ ಇಟ್ಟು 30ಕ್ಕೆ ದೊಡ್ಡ ಬ್ಲಾಕ್‌ಗೆ ಕೊಡುತ್ತೀರಿ. ಅದು 45ಕ್ಕೆ ಮುಗಿಯಿತು. ಆದರೆ ಚಿಕ್ಕದಕ್ಕೆ ಸೆಟ್ 36ಕ್ಕೆ, ಗ್ಯಾಂಗ್ 37ಕ್ಕೆ. ಅದು ಮುಗಿಯುವಾಗ 52. ಬದಲಿಗೆ 29ಕ್ಕೇ ಚಿಕ್ಕದಕ್ಕೆ ಕೊಟ್ಟರೆ ಅದು 44ಕ್ಕೆ ಮುಗಿಯುತ್ತದೆ, ದೊಡ್ಡದು 36ಕ್ಕೆ ಶುರುವಾಗಿ 51ಕ್ಕೆ ಮುಗಿಯುತ್ತದೆ. ಕ್ರಿಟಿಕಲ್ ಅಲ್ಲದ್ದಕ್ಕೆ ಮೊದಲು ಕೊಟ್ಟರೆ ಒಟ್ಟು ಪ್ರಾಜೆಕ್ಟ್ ಒಂದು ದಿನ ಮುಂಚೆ!

ಒಂದು ದಿನ ದೊಡ್ಡದಲ್ಲ. ಆದರೆ ಐದೇ ಸ್ಲ್ಯಾಬ್‌ನ ಲೆಕ್ಕದಲ್ಲಿ ಹೀಗಾದರೆ, ನೂರಾರು ಚಟುವಟಿಕೆಗಳಲ್ಲಿ ನಿಯಮ ಬದಲಿಸಿದಾಗ ಎಷ್ಟು ಜಾರಬಹುದು? ಅದಕ್ಕೇ ಒಂದೇ ಸಲ ಒತ್ತಿ ಬಿಡಬೇಡಿ. ಎರಡು ಮೂರು ಬೇರೆ ನಿಯಮ ಹಾಕಿ ಒತ್ತಿ ನೋಡಿ. ಉತ್ತರಗಳು ಬಹಳ ದೂರ ದೂರ ಬಂದರೆ, ಸಂಪನ್ಮೂಲ ಎಲ್ಲೋ ಬಹಳ ಬಿಗಿಯಾಗಿದೆ ಎಂದರ್ಥ.

ಒತ್ತಿದಾಗ ಕೊನೆಯ ದಿನ ಆರು ತಿಂಗಳು ಮುಂದೆ ಹೋಯಿತಾ? ಗಾಬರಿ ಬೇಡ. ಹೆಚ್ಚಿನ ಸಲ ಅದು ಸಂಪನ್ಮೂಲ ಹಚ್ಚಿದ ರೀತಿಯ ತಪ್ಪು. ಟವರ್ ಕ್ರೇನ್ ದಿನಕ್ಕೆ ಒಂದು ಗಂಟೆ ಬೇಕಾದ ಕೆಲಸಕ್ಕೂ ಪೂರ್ತಿ ಕ್ರೇನ್ ಹಚ್ಚಿರುತ್ತಾರೆ. ಆಗ ಸಾಫ್ಟ್‌ವೇರ್ ಒಂದು ಮುಗಿಯದೆ ಇನ್ನೊಂದು ಬಿಡುವುದಿಲ್ಲ. ಕ್ರೇನ್‌ಗೆ ಹುಕ್‌ನ ಗಂಟೆ ಲೆಕ್ಕ ಹಾಕಿ, ದಿನ ಅಲ್ಲ.

ರಿಪೇರಿ

ನಾನು ಈಗ ಮಾಡುವುದು ಹೀಗೆ. ಎಲ್ಲ ಸಂಪನ್ಮೂಲ ಹಚ್ಚಲು ಹೋಗುವುದಿಲ್ಲ. ಸೈಟ್‌ನಲ್ಲಿ ನಿಜವಾಗಿ ಬಿಗಿ ಇರುವ ಮೂರು ನಾಲ್ಕನ್ನು ಆರಿಸುತ್ತೇನೆ: ಸೆಂಟ್ರಿಂಗ್ ಗ್ಯಾಂಗ್, ಕಂಬಿ ಗ್ಯಾಂಗ್, ಜಾಕಿ ಸೆಟ್, ಕ್ರೇನ್. ಸಹಾಯಕ ಆಳುಗಳನ್ನು ಬಿಡುತ್ತೇನೆ.

ಲೆವೆಲಿಂಗ್ ಆದ ಮೇಲೆ ಗ್ಯಾಂಗ್ ಹೋಗುವ ದಾರಿಯನ್ನು ಗೆರೆಯಾಗಿ ಎಳೆಯುತ್ತೇನೆ. ಬಿ ಬ್ಲಾಕ್ ಎರಡನೇ ಸೆಂಟ್ರಿಂಗ್‌ನಿಂದ ಎ ಬ್ಲಾಕ್ ಮೂರನೇ ಸೆಂಟ್ರಿಂಗ್‌ಗೆ ಒಂದು ಗೆರೆ. ಈ ಗೆರೆ ಹಾಕಿದ ತಕ್ಷಣ ಆ 8 ದಿನ 1 ಆಗುತ್ತದೆ. ಮೀಟಿಂಗ್‌ನಲ್ಲಿ ತಲೆ ತಗ್ಗಿಸಬೇಕಿಲ್ಲ. ಆದರೆ ಈ ಗೆರೆಗಳ ಪಟ್ಟಿಯನ್ನು ಬೇರೆ ಇಟ್ಟುಕೊಳ್ಳಿ. ಕಾಲಂ ಆಗದೆ ಸ್ಲ್ಯಾಬ್ ಆಗುವುದಿಲ್ಲ ಎಂಬ ಗೆರೆ ಎಂದಿಗೂ ಬದಲಾಗುವುದಿಲ್ಲ. ಗ್ಯಾಂಗ್‌ನ ಗೆರೆ ನಾಳೆ ಎರಡನೇ ಗ್ಯಾಂಗ್ ಬಂದರೆ ಸುಳ್ಳಾಗುತ್ತದೆ. ಒಬ್ಬ ಸಹೋದ್ಯೋಗಿ ಹೀಗೆ ಎಳೆದು ಬೇರೆ ಕಡೆ ಹೋದರು. ಯಾವುದು ಯಾವ ಗೆರೆ ಎಂದು ಗೊತ್ತಾಗದೆ ನಾವು ಎರಡು ತಿಂಗಳು ಇಲ್ಲದ ಅಡ್ಡಿಗೆ ಕಾದಿದ್ದೆವು.

ಜನ ಹೆಚ್ಚಿಸಿದರೆ ಆಯಿತಲ್ಲ ಎನ್ನುವವರಿಗೆ: ಎಲ್ಲಿ ಹೆಚ್ಚಿಸುತ್ತೀರಿ ನೋಡಿ. 2 ಸೆಟ್ ಜಾಕಿ ಇರುವ ಸೈಟ್‌ಗೆ ಇನ್ನೊಂದು ಸೆಂಟ್ರಿಂಗ್ ಗ್ಯಾಂಗ್ ತಂದರೆ ಆಗುವುದು ಇಷ್ಟೇ, ಒಂದರ ಬದಲು ಎರಡು ಗ್ಯಾಂಗ್ ಟೀ ಕುಡಿಯುತ್ತಾ ಕೂರುತ್ತವೆ. ಬಾತ್‌ರೂಮ್‌ನಲ್ಲಿ ಪ್ಲಂಬರ್, ವಾಟರ್‌ಪ್ರೂಫಿಂಗ್‌ನವರು, ಟೈಲ್ಸ್‌ನವರು ಮೂವರನ್ನೂ ಒಟ್ಟಿಗೆ ಬಿಟ್ಟರೆ ಜಾಗವೇ ಸಂಪನ್ಮೂಲ ಆಗುತ್ತದೆ.

ಇನ್ನು ಕ್ಯಾಲೆಂಡರ್. ಗ್ಯಾಂಗ್‌ನ ಸಂಖ್ಯೆ ವರ್ಷವಿಡೀ ಒಂದೇ ಅಂತ ಹಾಕಬೇಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಯುಗಾದಿಗೆ, ಊರ ಜಾತ್ರೆಗೆ, ಮುಂಗಾರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ಬಿಹಾರ, ಜಾರ್ಖಂಡ್‌ನವರು ಹೋಳಿ ಹಬ್ಬಕ್ಕೆ, ಛಠ್ ಪೂಜೆಗೆ ಹೋಗುತ್ತಾರೆ. ಹೋಗುವ ದಿನ ಹೇಳುತ್ತಾರೆ, ಬರುವ ದಿನ ರೈಲು ಟಿಕೆಟ್ ಹೇಳುತ್ತದೆ. ಯಾರು ಯಾವ ಊರಿನವರು ಎಂದು ಮೇಸ್ತ್ರಿಯನ್ನು ಕೇಳಿ, ಆ ವಾರಗಳಲ್ಲಿ ಸಂಖ್ಯೆ ಇಳಿಸಿ ಲೆವೆಲಿಂಗ್ ಮಾಡಿ.

ಕ್ರಿಟಿಕಲ್ ಪಾತ್ ಬಿಟ್ಟೇಬಿಡಬೇಕಾ? ನನಗೆ ಹಾಗೆ ಅನ್ನಿಸುವುದಿಲ್ಲ. ಕೆಲಸಗಳ ಕ್ರಮ ತಿಳಿಯಲು ಅದಕ್ಕಿಂತ ಸರಳವಾದದ್ದು ಸಿಕ್ಕಿಲ್ಲ. 1997ರಲ್ಲಿ ಎಲಿಯಾಹು ಗೋಲ್ಡ್‌ರಾಟ್ ಮುಂದಿಟ್ಟ ಕ್ರಿಟಿಕಲ್ ಚೈನ್ ವಿಧಾನದಲ್ಲಿ ಸಂಪನ್ಮೂಲದ ಗೆರೆ ಮೊದಲೇ ಸೇರಿರುತ್ತದೆ. ಕೆಲಸಗಳ ಒಳಗೆ ಅಡಗಿಸಿದ ಸಡಿಲನ್ನು ತೆಗೆದು ಕೊನೆಗೆ ಒಟ್ಟಾಗಿ ಇಡುತ್ತಾರೆ. ಓದಲು ಚೆನ್ನಾಗಿದೆ. ಆದರೆ ಬಿಲ್ಲಿಂಗ್, ದಂಡ ಎಲ್ಲ ಒಂದೊಂದು ಕೆಲಸದ ತಾರೀಕಿಗೆ ಕಟ್ಟಿರುವ ನಮ್ಮ ಕರಾರುಗಳಲ್ಲಿ ಸಡಿಲು ಬಿಟ್ಟುಕೊಡಲು ಯಾವ ಕಾಂಟ್ರಾಕ್ಟರ್ ಒಪ್ಪುತ್ತಾನೆ? ಒಂದೇ ಥರದ ಮಹಡಿಗಳು ಮೇಲಿಂದ ಮೇಲೆ ಬರುವ ಟವರ್ ಆದರೆ ನಾನು ಲೈನ್ ಆಫ್ ಬ್ಯಾಲೆನ್ಸ್ ಚಾರ್ಟ್ ಹಾಕುತ್ತೇನೆ. ಒಂದೊಂದು ಗ್ಯಾಂಗ್ ಒಂದೊಂದು ಓರೆ ಗೆರೆ. ಎರಡು ಗೆರೆ ಒಂದನ್ನೊಂದು ಕತ್ತರಿಸಿದರೆ ಆ ಮಹಡಿಯಲ್ಲಿ ಜಗಳ ಅಂತ ಲೆಕ್ಕ. ಮೇಸ್ತ್ರಿಗಳಿಗೂ ಅದು ಬೇಗ ಅರ್ಥವಾಗುತ್ತದೆ.

ಮೂರು ಸೆಟ್‌ನ ಆ ಸೈಟ್ ಏನಾಯಿತು ಅಂದರೆ, 51ಕ್ಕೂ 52ಕ್ಕೂ ನಡುವೆ ಆರಿಸುವ ಕಾಗದವನ್ನು ಮ್ಯಾನೇಜರ್ ಮುಂದಿಟ್ಟೆ. ಅವರು 52 ಆರಿಸಿದರು. ದೊಡ್ಡ ಬ್ಲಾಕ್‌ನ ಮನೆಗಳು ಮೊದಲು ಮಾರಾಟವಾಗಿದ್ದವು, ಅದು 45ಕ್ಕೇ ಮುಗಿಯಬೇಕಿತ್ತು. ಚಿಕ್ಕ ಬ್ಲಾಕ್ ಕಾಯಬಹುದು ಅಂದರು. ನಂತರ ಕಾಂಟ್ರಾಕ್ಟರ್‌ಗೆ ಫೋನ್ ಮಾಡಿ, ನಾಲ್ಕನೇ ಸೆಟ್ ಯಾವಾಗ ವಾಪಸ್ ಬರುತ್ತೆ ಅಂತ ಕೇಳಿದರು.